ವಿಕಿರಣ ಚಿಕಿತ್ಸೆ ಪಡೆದ ಮಗುವಿನ ಮೂಳೆ ಮತ್ತು ಸ್ನಾಯು: ಪೋಷಕರಿಗೆ ಹಂತ ಹಂತದ ಮಾರ್ಗದರ್ಶಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪೋಷಕರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮಗುವಿಗೆ ಮೂರೋ ನಾಲ್ಕೋ ವರ್ಷವಿದ್ದಾಗ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ಕರೆಂಟು (ಅಂದರೆ ವಿಕಿರಣ ಚಿಕಿತ್ಸೆ) ಎಲ್ಲ ಮುಗಿದು ಗುಣವಾಯಿತು. ಈಗ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಒಂದು ಭುಜ ತಗ್ಗಿದಂತೆ ಕಾಣುತ್ತದೆ, ಅಥವಾ ಓರಗೆಯವರೆಲ್ಲ ಎತ್ತರವಾಗುತ್ತಿದ್ದರೂ ಈ ಮಗು ಮಾತ್ರ ಕುಳ್ಳಾಗಿಯೇ ಉಳಿದಿದೆ, ಅಥವಾ ಓಡಿ ಬಂದ ಮೇಲೆ ಮಂಡಿ ನೋಯುತ್ತದೆ ಎನ್ನುತ್ತದೆ. ಕಾಯಿಲೆ ಮರಳಿ ಬಂತೇ ಎಂಬುದು ಪೋಷಕರ ಆತಂಕ. ಆ ಸಾಧ್ಯತೆಯನ್ನು ವೈದ್ಯರು ಪರೀಕ್ಷಿಸಿಯೇ ತಳ್ಳಿಹಾಕಬೇಕು, ನಿಜ. ಆದರೆ ಇಂಥ ಬದಲಾವಣೆಗಳ ಹಿಂದೆ ಹಲವು ಸಲ ಇರುವುದು ಅಂದು ಜೀವ ಉಳಿಸಿದ ಅದೇ ವಿಕಿರಣವು ಬೆಳೆಯುವ ಮೂಳೆ ಮತ್ತು ಸ್ನಾಯುಗಳ ಮೇಲೆ ಬಿಟ್ಟುಹೋದ, ತಡವಾಗಿ ಕಾಣಿಸಿಕೊಳ್ಳುವ ಅಡ್ಡ ಪರಿಣಾಮ.

ತೊಂದರೆಯೆಂದರೆ, ಈ ಪರಿಣಾಮಗಳು ತಲೆಯೆತ್ತುವ ಹೊತ್ತಿಗೆ ಕ್ಯಾನ್ಸರ್ ಆಸ್ಪತ್ರೆಯ ಭೇಟಿಗಳು ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಆಗಿರುತ್ತವೆ. ಊರಿನ ವೈದ್ಯರಿಗೆ ಹಳೆಯ ಚಿಕಿತ್ಸೆಯ ವಿವರ ಗೊತ್ತಿರುವುದಿಲ್ಲ. ಎರಡರ ನಡುವಿನ ಕೊಂಡಿ ಪೋಷಕರೇ. ಆದ್ದರಿಂದ ಕಿರಣ ದೇಹದ ಯಾವ ಭಾಗದಲ್ಲಿ ಹಾದುಹೋಗಿತ್ತು ಎಂಬುದನ್ನು ತಿಳಿದುಕೊಂಡು, ಮಗುವಿನ ಬೆಳವಣಿಗೆ ಪೂರ್ತಿ ನಿಲ್ಲುವವರೆಗೆ ಆ ಭಾಗವನ್ನು ನಿಯಮಿತವಾಗಿ ನೋಡುತ್ತಿರಬೇಕು. ಈ ಲೇಖನ ಆ ಕೆಲಸಕ್ಕೆ ನೆರವಾಗಲೆಂದು ಬರೆದದ್ದು. ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಮೊದಲು ತಿಳಿದಿರಬೇಕಾದದ್ದು

ಬೆಳೆಯುವ ಮಗುವಿನ ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ತೆಳು ಪದರವಿರುತ್ತದೆ. ಅದಕ್ಕೆ ಬೆಳವಣಿಗೆ ಫಲಕ ಎಂದು ಹೆಸರು. ಕಬ್ಬು ಗಿಣ್ಣಿನ ಬಳಿಯಿಂದ ಉದ್ದವಾಗುವಂತೆ ಮೂಳೆಯೂ ಈ ಫಲಕದ ಬಳಿಯಿಂದ ಉದ್ದವಾಗುತ್ತದೆ. ಬೆನ್ನುಮೂಳೆಯ ಪ್ರತಿಯೊಂದು ಮಣಿಗೂ ಮೇಲೆ ಕೆಳಗೆ ಇಂಥ ಫಲಕಗಳಿರುತ್ತವೆ. ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುವುದೇ ವಿಕಿರಣದ ಗುಣ. ಗೆಡ್ಡೆಯ ಕೋಶಗಳಂತೆ ಬೆಳವಣಿಗೆ ಫಲಕದ ಕೋಶಗಳೂ ವೇಗವಾಗಿ ವಿಭಜನೆಯಾಗುವುದರಿಂದ ಅವೂ ಪೆಟ್ಟು ತಿನ್ನುತ್ತವೆ. ಇದಲ್ಲದೆ ಸಣ್ಣ ರಕ್ತನಾಳಗಳು ಕಿರಿದಾಗಿ ಸ್ನಾಯು ಸೊರಗುತ್ತದೆ, ಚರ್ಮದಡಿಯ ಅಂಗಾಂಶ ಗಡುಸಾಗುತ್ತದೆ.

ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ ಗ್ರೇ. ಒಟ್ಟು ಪ್ರಮಾಣವನ್ನು ಒಂದೇ ದಿನ ಕೊಡದೆ, ಸಾಮಾನ್ಯವಾಗಿ ದಿನಕ್ಕೆ 1.8 ಗ್ರೇಯಂತೆ ವಾರಕ್ಕೆ ಐದು ದಿನ ಕಂತುಗಳಲ್ಲಿ ಕೊಡುತ್ತಾರೆ. ಹೋಲಿಕೆಗೆ ಹೇಳುವುದಾದರೆ, ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆಗೆ ಹೊಟ್ಟೆಯ ಒಂದು ಪಕ್ಕಕ್ಕೆ ಕೊಡುವುದು ಸಾಮಾನ್ಯವಾಗಿ 10.8 ಗ್ರೇ. ಮೆದುಳಿನ ಮೆಡುಲ್ಲೊಬ್ಲಾಸ್ಟೊಮಾ ಗೆಡ್ಡೆಗೆ ತಲೆ ಮತ್ತು ಇಡೀ ಬೆನ್ನುಮೂಳೆಗೆ 23.4 ಗ್ರೇ, ಅಪಾಯ ಹೆಚ್ಚಿರುವ ಮಕ್ಕಳಿಗೆ 36 ಗ್ರೇ. ಮೂಳೆಯ ಯೂಯಿಂಗ್ ಸಾರ್ಕೋಮಾದಲ್ಲಿ ಅದು 45 ಗ್ರೇಯಿಂದ 55 ಗ್ರೇಯ ಆಸುಪಾಸಿಗೆ ಹೋಗುತ್ತದೆ. 20 ಗ್ರೇ ಮೀರಿದಾಗ ಬೆಳವಣಿಗೆಯ ಕುಂಠಿತ ಸ್ಪಷ್ಟವಾಗಿ ಕಾಣುವ ಸಂಭವ ಹೆಚ್ಚು. ಎಳೆಯ ಮಕ್ಕಳಲ್ಲಿ 10 ಗ್ರೇಯ ಸುಮಾರಿನಲ್ಲೇ ಸೌಮ್ಯ ಪರಿಣಾಮ ಕಾಣಬಹುದು. ಆರು ವರ್ಷದೊಳಗೆ ಚಿಕಿತ್ಸೆ ಪಡೆದವರೂ, ಪ್ರೌಢಾವಸ್ಥೆಯಲ್ಲಿ ದಿಢೀರನೆ ಎತ್ತರವಾಗುವ ಹೊತ್ತಿನಲ್ಲಿ ಪಡೆದವರೂ ಹೆಚ್ಚು ಎಚ್ಚರದಿಂದಿರಬೇಕು.

ನಿಮ್ಮ ಮಗುವಿನ ಚಿಕಿತ್ಸೆ ಇನ್ನೂ ಆರಂಭವಾಗಬೇಕಿದ್ದರೆ ಒಂದು ಮಾತು. ಎಡ ಮೂತ್ರಪಿಂಡದ ಗೆಡ್ಡೆಗೆ ಚಿಕಿತ್ಸೆ ಕೊಡುವಾಗ ಬೆನ್ನುಮೂಳೆಯ ಬಲಭಾಗಕ್ಕೂ ಕಿರಣ ಹಾಯಿಸುವುದನ್ನು ಯೋಜನೆಯ ಚಿತ್ರದಲ್ಲಿ ಕಂಡು, ಆರೋಗ್ಯವಾಗಿರುವ ಕಡೆಗೂ ಏಕೆ ಎಂದು ಪೋಷಕರು ಗಾಬರಿಯಾಗುತ್ತಾರೆ. ಅದು ಅಚಾತುರ್ಯವಲ್ಲ. ಮಣಿಯ ಅರ್ಧಕ್ಕೆ ಮಾತ್ರ ಕಿರಣ ಬಿದ್ದರೆ ಆ ಅರ್ಧ ಬೆಳೆಯದೆ, ಇನ್ನರ್ಧ ಬೆಳೆದು, ಬೆನ್ನು ಓರೆಯಾಗುತ್ತದೆ. ಪೂರ್ತಿ ಮಣಿಯನ್ನು ಒಳಗೊಂಡರೆ ಒಟ್ಟು ಎತ್ತರ ಸ್ವಲ್ಪ ಕಡಿಮೆಯಾದರೂ ಬೆನ್ನು ನೇರವಾಗಿರುವ ಸಂಭವ ಹೆಚ್ಚು. ಹಾಗೆಯೇ, ಮುಂದೆ ಆಗಬಹುದಾದ ಪರಿಣಾಮಗಳ ಪಟ್ಟಿ ಓದಿ ಚಿಕಿತ್ಸೆಯನ್ನೇ ನಿರಾಕರಿಸುವ ಆಲೋಚನೆ ಬೇಡ. ಓರೆಯಾದ ಬೆನ್ನಿಗೆ ಮುಂದೆ ಚಿಕಿತ್ಸೆ ಉಂಟು.

ಹಂತ 1: ವಿಕಿರಣದ ಸಾರಾಂಶ ಪತ್ರವನ್ನು ಕೈಗೆ ಪಡೆಯಿರಿ

ಬಹುತೇಕ ಮನೆಗಳಲ್ಲಿ ಡಿಸ್ಚಾರ್ಜ್ ಕಾರ್ಡ್ ಇರುತ್ತದೆ. ಅದರಲ್ಲಿ ‘ರೇಡಿಯೇಷನ್ ಮುಗಿದಿದೆ’ ಎಂಬ ಒಂದು ಸಾಲು ಮಾತ್ರ ಇರುತ್ತದೆ. ಅದು ಸಾಲದು. ವಿಕಿರಣ ವಿಭಾಗದವರು ಪ್ರತ್ಯೇಕವಾಗಿ ಕೊಡುವ ರೇಡಿಯೇಷನ್ ಟ್ರೀಟ್‌ಮೆಂಟ್ ಸಮ್ಮರಿ ಎಂಬ ಪತ್ರ ನಿಮಗೆ ಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಾಗಲಿ, ಮೈಸೂರಿನ ಆಸ್ಪತ್ರೆಯಲ್ಲಾಗಲಿ ಚಿಕಿತ್ಸೆ ಆಗಿದ್ದರೆ, ಮಗುವಿನ ಆಸ್ಪತ್ರೆ ನೋಂದಣಿ ಸಂಖ್ಯೆ, ಚಿಕಿತ್ಸೆ ನಡೆದ ವರ್ಷ ಮತ್ತು ನಿಮ್ಮ ಗುರುತಿನ ಚೀಟಿಯೊಂದಿಗೆ ಅಲ್ಲಿನ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಿ ಬರಿಗೈಯಲ್ಲಿ ಮರಳುವುದಕ್ಕಿಂತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಮೇಲು. ಚಿಕಿತ್ಸೆ ಮುಗಿದು ವರ್ಷಗಳು ಕಳೆದಷ್ಟೂ ಕಡತ ಹುಡುಕುವುದು ಕಷ್ಟವಾಗುವುದರಿಂದ ಇದನ್ನು ಮುಂದೂಡಬೇಡಿ.

ಪತ್ರದಲ್ಲಿ ನೀವು ಹುಡುಕಬೇಕಾದದ್ದು ಇವು: ಕಾಯಿಲೆಯ ಹೆಸರು, ಆರಂಭದ ಮತ್ತು ಮುಗಿದ ದಿನಾಂಕ, ಕಿರಣ ಕೊಟ್ಟ ಜಾಗ ಮತ್ತು ಅದರ ಎಲ್ಲೆ, ಒಟ್ಟು ಪ್ರಮಾಣ, ಕಂತುಗಳ ಸಂಖ್ಯೆ, ಬಳಸಿದ ಯಂತ್ರ ಮತ್ತು ವಿಧಾನ. ಇದರ ಜೊತೆಗೆ ಕೀಮೋ ಔಷಧಿಗಳ ಪಟ್ಟಿಯೂ ಬೇಕು. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್‌ಗಳೂ ಮೆಥೋಟ್ರೆಕ್ಸೇಟ್ ಕೂಡ ಮೂಳೆಯ ಸಾಂದ್ರತೆಯನ್ನು ಕುಗ್ಗಿಸುತ್ತವೆ. ಐಫಾಸ್ಫಮೈಡ್ ಮೂತ್ರಪಿಂಡಕ್ಕೆ ಹಾನಿ ಮಾಡಿದ್ದರೆ ದೇಹದ ರಂಜಕ ಮೂತ್ರದಲ್ಲಿ ಸೋರಿಹೋಗಿ ಮೂಳೆ ಮೆತ್ತಗಾಗಬಹುದು. ಶಸ್ತ್ರಚಿಕಿತ್ಸೆಯಲ್ಲಿ ಪಕ್ಕೆಲುಬನ್ನೋ ಬೆನ್ನುಮಣಿಯ ಭಾಗವನ್ನೋ ತೆಗೆದಿದ್ದರೆ ಅದನ್ನೂ ಬರೆಸಿಕೊಳ್ಳಿ, ಏಕೆಂದರೆ ಅದರಿಂದ ಬೆನ್ನು ಓರೆಯಾಗುವ ಸಂಭವ ಹೆಚ್ಚುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಗೊಂದಲ ಒಂದುಂಟು. ಕೆಲವು ಪತ್ರಗಳಲ್ಲಿ ಪ್ರಮಾಣವನ್ನು ಗ್ರೇಯಲ್ಲಿ ಬರೆದರೆ ಕೆಲವದರಲ್ಲಿ ಸೆಂಟಿಗ್ರೇಯಲ್ಲಿ ಬರೆದಿರುತ್ತಾರೆ. 100 ಸೆಂಟಿಗ್ರೇ ಎಂದರೆ 1 ಗ್ರೇ. ಆದ್ದರಿಂದ 2340 ಸೆಂಟಿಗ್ರೇ ಎಂಬುದು 23.4 ಗ್ರೇಯೇ ಹೊರತು ಬೇರೆಯಲ್ಲ. ದೊಡ್ಡ ಸಂಖ್ಯೆ ಕಂಡು ಮಗುವಿಗೆ ನೂರು ಪಟ್ಟು ಕೊಟ್ಟುಬಿಟ್ಟರೆಂದು ಕಂಗೆಡಬೇಕಾಗಿಲ್ಲ.

ಹಂತ 2: ಕಿರಣ ಹಾದ ಜಾಗದಿಂದ ಎಲ್ಲಿ ನೋಡಬೇಕೆಂದು ಗುರುತಿಸಿ

ಪತ್ರ ಕೈಗೆ ಬಂದ ಮೇಲೆ ಮಗುವಿನ ದೇಹದ ಒಂದು ಸರಳ ರೇಖಾಚಿತ್ರ ಬರೆದು ಕಿರಣ ಹಾದ ಭಾಗಕ್ಕೆ ಗೆರೆ ಹಾಕಿಕೊಳ್ಳಿ. ನಿಮ್ಮ ವೈದ್ಯರಿಂದಲೇ ಆ ಗೆರೆಯನ್ನು ತಿದ್ದಿಸಿಕೊಂಡರೆ ಇನ್ನೂ ಒಳ್ಳೆಯದು.

ತಲೆಗೆ ಕಿರಣ ಬಿದ್ದಿದ್ದರೆ, ವಿಶೇಷವಾಗಿ 18 ಗ್ರೇ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಬೆಳವಣಿಗೆ ಹಾರ್ಮೋನು ಕಡಿಮೆಯಾಗಬಹುದು. ಆಗ ಮೂಳೆಗೆ ನೇರವಾಗಿ ಪೆಟ್ಟು ಬೀಳದಿದ್ದರೂ ಎತ್ತರ ನಿಲ್ಲುತ್ತದೆ. ಬೆನ್ನುಮೂಳೆಗೆ ಬಿದ್ದಿದ್ದರೆ ಕೈಕಾಲು ಮಾಮೂಲಾಗಿ ಬೆಳೆದು ಮುಂಡ ಮಾತ್ರ ಗಿಡ್ಡವಾಗಬಹುದು. ಹೊಟ್ಟೆಯ ಅಥವಾ ಎದೆಯ ಒಂದು ಪಕ್ಕಕ್ಕೆ ಬಿದ್ದಿದ್ದರೆ ಓರೆಬೆನ್ನಿನ ಜೊತೆಗೆ ಆ ಪಕ್ಕದ ಸ್ನಾಯು, ಪಕ್ಕೆಲುಬು, ಸೊಂಟದ ಮೂಳೆ ಸೊರಗಿ ಎರಡು ಪಕ್ಕಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಕಾಲಿಗೋ ಕೈಗೋ ಬಿದ್ದಿದ್ದರೆ ಉದ್ದದಲ್ಲಿ ವ್ಯತ್ಯಾಸ, ಕೀಲಿನ ಬಿಗಿತ, ಮೂಳೆ ಮುರಿತ. ಕುತ್ತಿಗೆಗೆ ಬಿದ್ದಿದ್ದರೆ ಕುತ್ತಿಗೆಯ ಸ್ನಾಯುಗಳ ದುರ್ಬಲತೆ ಮತ್ತು ಥೈರಾಯ್ಡ್. ಥೈರಾಯ್ಡ್ ಕಡಿಮೆಯಾದರೂ ಮಗು ಎತ್ತರವಾಗುವುದಿಲ್ಲ. ಅಸ್ಥಿಮಜ್ಜೆ ಕಸಿಗೆ ಮೊದಲು ಇಡೀ ದೇಹಕ್ಕೆ, ಸಾಮಾನ್ಯವಾಗಿ 12 ಗ್ರೇಯಷ್ಟು, ಕೊಟ್ಟಿದ್ದರೆ ಈ ಎಲ್ಲ ಕಡೆಯೂ ಕಣ್ಣಿರಬೇಕು.

ಹಂತ 3: ಎತ್ತರವನ್ನು ಸರಿಯಾಗಿ ಅಳೆದು ಬರೆದಿಡಿ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರು ತಿಂಗಳಿಗೊಮ್ಮೆ, ಪ್ರತಿ ಸಲವೂ ಬೆಳಿಗ್ಗೆಯೇ ಅಳೆಯಿರಿ; ದಿನವಿಡೀ ಓಡಾಡಿದ ಮೇಲೆ ಸಂಜೆಗೆ ಎತ್ತರ ಒಂದು ಸೆಂಟಿಮೀಟರಿನಷ್ಟು ಕುಗ್ಗಬಹುದು. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಟೈಲ್ಸ್ ಪಟ್ಟಿ ಉಬ್ಬಿರುವ ಗೋಡೆ ಬೇಡ, ಅಲ್ಲಿ ಹಿಮ್ಮಡಿ ಗೋಡೆಗೆ ತಾಕುವುದಿಲ್ಲ. ಬಾಗಿಲ ಚೌಕಟ್ಟಿನ ಪಕ್ಕ ಅನುಕೂಲ. ಚಪ್ಪಲಿ ತೆಗೆಸಿ, ಜುಟ್ಟು ಜಡೆ ಬಿಚ್ಚಿಸಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಕುವಂತೆ ನಿಲ್ಲಿಸಿ ನೇರಕ್ಕೆ ನೋಡಲು ಹೇಳಿ. ಗಟ್ಟಿ ರಟ್ಟಿನ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ, ಇನ್ನೊಂದು ಅಂಚು ನೆತ್ತಿಯನ್ನು ಮುಟ್ಟುವವರೆಗೆ ಜಾರಿಸಿ, ಪುಸ್ತಕದ ತಳಕ್ಕೆ ಪೆನ್ಸಿಲ್ ಗುರುತು ಹಾಕಿ, ಮಗು ಸರಿದ ಮೇಲೆ ಉಕ್ಕಿನ ಟೇಪಿನಿಂದ ಅಳೆಯಿರಿ. ಹೊಲಿಗೆಯ ಬಟ್ಟೆ ಟೇಪು ಹಿಗ್ಗಿರುತ್ತದೆ, ಬೇಡ. ಬೆನ್ನಿಗೆ ಕಿರಣ ಬಿದ್ದ ಮಗುವಾದರೆ ಸಮತಟ್ಟಾದ ಮಣೆಯ ಮೇಲೆ ಕೂರಿಸಿ, ಮಣೆಯಿಂದ ನೆತ್ತಿಯವರೆಗಿನ ಕೂತ ಎತ್ತರವನ್ನೂ ಅದೇ ರೀತಿ ಅಳೆದು ಪಕ್ಕದಲ್ಲಿ ಬರೆಯಿರಿ. ಮುಂಡ ಹಿಂದೆ ಬಿದ್ದಿದೆಯೇ ಎಂಬುದು ಇದರಿಂದಲೇ ತಿಳಿಯುವುದು.

ನಾಲ್ಕರ ವಯಸ್ಸಿನಿಂದ ಪ್ರೌಢಾವಸ್ಥೆ ಶುರುವಾಗುವವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ಒಂದು ವರ್ಷದಲ್ಲಿ 4 ಸೆಂ.ಮೀ. ದಾಟದಿದ್ದರೆ ಮುಂದಿನ ಭೇಟಿಗೆ ಕಾಯದೆ ಹೇಳಿ. ನಿಮ್ಮ ಅಳತೆಗಳನ್ನು ಮಕ್ಕಳ ವೈದ್ಯರ ಬಳಿ ಇರುವ ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಿಸಿ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದರಿಂದ ಏನೂ ತಿಳಿಯದು.

ತಲೆಗೆ ವಿಕಿರಣ ಪಡೆದ ಕೆಲವು ಮಕ್ಕಳಲ್ಲಿ ಪ್ರೌಢಾವಸ್ಥೆ ಬೇಗನೆ ಆರಂಭವಾಗುತ್ತದೆ. ಹೆಣ್ಣುಮಕ್ಕಳಲ್ಲಿ ಎಂಟು ವರ್ಷಕ್ಕೆ ಮೊದಲು ಎದೆ ಬೆಳೆಯುವುದು, ಗಂಡುಮಕ್ಕಳಲ್ಲಿ ಒಂಬತ್ತಕ್ಕೆ ಮೊದಲೇ ದೇಹದ ಬದಲಾವಣೆ ಕಾಣುವುದು ಇದರ ಲಕ್ಷಣ. ಆಗ ಮಗು ಚೆನ್ನಾಗಿ ಎತ್ತರವಾಗುತ್ತಿರುವಂತೆ ತೋರುತ್ತದೆ, ಮನೆಯವರು ನೆಮ್ಮದಿಯಿಂದಿರುತ್ತಾರೆ. ಆದರೆ ಬೆಳವಣಿಗೆ ಫಲಕಗಳು ಬೇಗ ಮುಚ್ಚಿಹೋಗಿ ಕೊನೆಯ ಎತ್ತರ ಕಡಿಮೆಯಾಗುತ್ತದೆ. ಕುಳ್ಳತನದಷ್ಟೇ ಈ ಅಕಾಲದ ಏರಿಕೆಯನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಹಾರ್ಮೋನು ಕೊರತೆ ಖಚಿತವಾದರೆ ಬೆಳವಣಿಗೆ ಹಾರ್ಮೋನಿನ ಚುಚ್ಚುಮದ್ದು ಉಂಟು. ಅದನ್ನು ಕೊಡಬೇಕೇ, ಯಾವಾಗ ಎಂಬುದನ್ನು ಮಕ್ಕಳ ಹಾರ್ಮೋನು ತಜ್ಞರೂ ಕ್ಯಾನ್ಸರ್ ತಜ್ಞರೂ ಸೇರಿ ತೀರ್ಮಾನಿಸುತ್ತಾರೆ. ಬೆನ್ನಿಗೆ ಕಿರಣ ಬಿದ್ದ ಮಗುವಿನಲ್ಲಿ ಚುಚ್ಚುಮದ್ದಿಗೆ ಕಾಲು ಉದ್ದವಾದಷ್ಟು ಮುಂಡ ಉದ್ದವಾಗುವುದಿಲ್ಲ, ವೇಗವಾಗಿ ಬೆಳೆಯುವಾಗ ಓರೆಬೆನ್ನು ಹೆಚ್ಚಬಹುದು. ಇದನ್ನು ಮೊದಲೇ ತಿಳಿದಿದ್ದರೆ ನಿರಾಶೆ ಕಡಿಮೆ. ಎತ್ತರ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವ ಪುಡಿ, ಮಾತ್ರೆಗಳಿಗೆ ಹಣ ಸುರಿಯಬೇಡಿ.

ಹಂತ 4: ಬೆನ್ನನ್ನು ಬಾಗಿಸಿ ನೋಡಿ

ಬೆನ್ನುಮೂಳೆ ಪಕ್ಕಕ್ಕೆ ಓರೆಯಾಗಿ ತಿರುಚಿಕೊಳ್ಳುವುದನ್ನು ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ವಿಕಿರಣದಿಂದಾಗುವ ಓರೆ ಹಲವು ವರ್ಷ ಸದ್ದಿಲ್ಲದೆ ಇದ್ದು, ಪ್ರೌಢಾವಸ್ಥೆಯಲ್ಲಿ ಮಗು ಒಮ್ಮೆಲೇ ಎತ್ತರವಾಗುವಾಗ ಹೆಚ್ಚುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ವೈದ್ಯರಿಂದ ಪರೀಕ್ಷೆ, ಪ್ರೌಢಾವಸ್ಥೆಯ ಆ ಕೆಲವು ವರ್ಷ ಆರು ತಿಂಗಳಿಗೊಮ್ಮೆ ಎಂದು ಇಟ್ಟುಕೊಳ್ಳಿ.

ನಡುವೆ ಮನೆಯಲ್ಲಿ ನೋಡುವ ಕ್ರಮ ಹೀಗೆ. ಬೆಳಕಿರುವ ಕೋಣೆಯಲ್ಲಿ ಬೆನ್ನು ಕಾಣುವಂತೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ. ಎರಡು ಭುಜ ಸಮವೇ, ಒಂದು ರೆಕ್ಕೆಮೂಳೆ ಹೆಚ್ಚು ಚಾಚಿದೆಯೇ, ತೋಳು ಮತ್ತು ಸೊಂಟದ ನಡುವಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗಿದೆಯೇ ಎಂದು ನೋಡಿ. ಬಳಿಕ ಪಾದಗಳನ್ನು ಜೋಡಿಸಿ, ಮಂಡಿ ಬಾಗಿಸದೆ, ಎರಡು ಅಂಗೈ ಸೇರಿಸಿ ಕಾಲ್ಬೆರಳಿನತ್ತ ನಿಧಾನವಾಗಿ ಬಾಗಲು ಹೇಳಿ. ನೀವು ಹಿಂದೆ ಕುಕ್ಕರಗಾಲಲ್ಲಿ ಕೂತು, ನಿಮ್ಮ ಕಣ್ಣು ಮಗುವಿನ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟುಕೊಂಡು, ಮೊದಲು ಮೇಲ್ಬೆನ್ನು, ಮಗು ಇನ್ನಷ್ಟು ಬಾಗಿದಂತೆ ನಡುಬೆನ್ನು, ಆಮೇಲೆ ಸೊಂಟ ಹೀಗೆ ನೋಡುತ್ತಾ ಹೋಗಿ. ಬೆನ್ನುಮೂಳೆಯ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿ ನಿಂತರೆ ಅದು ಗಮನಕ್ಕೆ ತರಬೇಕಾದ ಸಂಗತಿ. ಒಂದು ಪಕ್ಕಕ್ಕೆ ವಿಕಿರಣ ಪಡೆದ ಮಗುವಿನಲ್ಲಿ ಆ ಪಕ್ಕದ ಸ್ನಾಯುವೇ ಸೊರಗಿ ತಗ್ಗಾಗಿರಬಹುದು, ಆಗ ಇನ್ನೊಂದು ಪಕ್ಕ ಉಬ್ಬಿದಂತೆ ಕಾಣುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ಮನೆಯಲ್ಲಿ ಆಗದು, ಎಕ್ಸ್‌ರೇ ಬೇಕು. ಹನ್ನೆರಡರ ಹುಡುಗಿ ಬೆನ್ನು ತೋರಿಸಲು ನಾಚಿದರೆ ತಾಯಿಯೋ ದೊಡ್ಡಮ್ಮನೋ ನೋಡಲಿ. ಬಲವಂತ ಮಾಡಿದರೆ ಮುಂದಿನ ಸಲ ಆಕೆ ಒಪ್ಪುವುದಿಲ್ಲ.

‘ಮೊದಲೇ ಅಷ್ಟು ಕರೆಂಟು ಬಿದ್ದಿದೆ, ಇನ್ನು ಎಕ್ಸ್‌ರೇ ಬೇಡ’ ಎಂದು ಪರೀಕ್ಷೆ ತಪ್ಪಿಸುವ ಪೋಷಕರಿದ್ದಾರೆ. ಒಂದು ಎಕ್ಸ್‌ರೇಯ ಪ್ರಮಾಣ ಚಿಕಿತ್ಸೆಯ ಒಂದು ದಿನದ ಕಂತಿನ ನೂರರಲ್ಲಿ ಒಂದು ಪಾಲಿಗೂ ಸಾಮಾನ್ಯವಾಗಿ ಬರುವುದಿಲ್ಲ. ಅಗತ್ಯವಿರುವ ಎಕ್ಸ್‌ರೇಯನ್ನು ತಪ್ಪಿಸಿದರೆ ನಷ್ಟವೇ ಹೆಚ್ಚು.

ಎಕ್ಸ್‌ರೇಯಲ್ಲಿ ಓರೆಯ ಕೋನ 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಎಂದು ಹೆಸರಿಸುತ್ತಾರೆ. ಇನ್ನೂ ಬೆಳೆಯುತ್ತಿರುವ ಮಗುವಿನಲ್ಲಿ ಅದು ಸುಮಾರು 25 ಡಿಗ್ರಿಗೆ ಬಂದರೆ ಪಟ್ಟಿ, ಅಂದರೆ ಬ್ರೇಸ್, ಹಾಕಿಸುವ ಮಾತು ಬರುತ್ತದೆ. 45ರಿಂದ 50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ಚರ್ಚೆ. ವಿಕಿರಣ ಬಿದ್ದ ಚರ್ಮ ತೆಳುವಾಗಿರುವುದರಿಂದ ಬ್ರೇಸಿನ ಕೆಳಗೆ ಹತ್ತಿಯ ಬನಿಯನ್ ತೊಡಿಸಿ, ದಿನವೂ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು.

ಹಂತ 5: ಕುಂಟು ಮತ್ತು ಕಾಲುನೋವನ್ನು ತಡಮಾಡದೆ ತೋರಿಸಿ

ಸೊಂಟದ ಕೀಲಿನಲ್ಲಿ ತೊಂದರೆಯಾದರೂ ಮಕ್ಕಳು ನೋವನ್ನು ಮಂಡಿಯಲ್ಲಿ ತೋರಿಸುತ್ತಾರೆ. ಮಂಡಿಯ ಎಕ್ಸ್‌ರೇ ಸರಿಯಾಗಿದೆ ಎಂದು ಸಮಾಧಾನ ಮಾಡಿಕೊಂಡು ಬರುವುದು ಈ ವಿಷಯದಲ್ಲಿ ಆಗುವ ದೊಡ್ಡ ಪ್ರಮಾದ. ಸೊಂಟದ ಸುತ್ತ ವಿಕಿರಣ ಪಡೆದ ಮಗು ಕುಂಟಿದರೆ, ತೊಡೆಸಂದು ಅಥವಾ ಮಂಡಿ ನೋವೆಂದರೆ, ಚಕ್ಕಳಮಕ್ಕಳ ಹಾಕಿ ಕೂರಲು ಹಿಂಜರಿದರೆ, ಸೊಂಟದ ಪರೀಕ್ಷೆಯನ್ನು ಕೇಳಿ ಮಾಡಿಸಿ.

ಇದರ ಹಿಂದೆ ಎರಡು ಕಾರಣಗಳಿರಬಹುದು. ಒಂದು, ತೊಡೆಮೂಳೆಯ ಗುಂಡುತಲೆ ದುರ್ಬಲವಾದ ಬೆಳವಣಿಗೆ ಫಲಕದ ಬಳಿ ತನ್ನ ಜಾಗದಿಂದ ಜಾರುವುದು. ಹೀಗೆ ಜಾರಿದೆ ಎಂಬ ಅನುಮಾನವಿದ್ದರೆ ಎಕ್ಸ್‌ರೇ ಆಗುವವರೆಗೆ ಮಗು ಆ ಕಾಲಿನ ಮೇಲೆ ಭಾರ ಹಾಕಬಾರದು. ನಡೆಸಿಕೊಂಡು ಹೋಗದೆ ಎತ್ತಿಕೊಂಡು ಅಥವಾ ವೀಲ್‌ಚೇರಿನಲ್ಲಿ ಕರೆದೊಯ್ಯಿರಿ, ಏಕೆಂದರೆ ಇನ್ನಷ್ಟು ಜಾರಿದರೆ ಗುಂಡುತಲೆಗೆ ಹೋಗುವ ರಕ್ತನಾಳ ಹರಿಯಬಹುದು. ಇನ್ನೊಂದು, ಮೂಳೆಯ ಒಂದು ಭಾಗಕ್ಕೆ ರಕ್ತ ಸಂಚಾರ ನಿಂತು ಅದು ಸಾಯುವುದು. ಎವಿಎನ್ ಎಂದು ಚುಟುಕಾಗಿ ಹೇಳುವುದು ಇದನ್ನೇ. ರಕ್ತದ ಕ್ಯಾನ್ಸರಿಗೆ ಹತ್ತು ವರ್ಷದ ಮೇಲಿನ ವಯಸ್ಸಿನಲ್ಲಿ ಹೆಚ್ಚು ಸ್ಟೀರಾಯ್ಡ್ ಪಡೆದವರಲ್ಲಿ ಇದು ಹೆಚ್ಚು ಕಾಣುತ್ತದೆ, ವಿಕಿರಣವೂ ಸೇರಿದರೆ ಅಪಾಯ ಏರುತ್ತದೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ನೋವು ಉಳಿದಿದ್ದರೆ ಎಂಆರ್‌ಐ ಬೇಕೇ ಎಂದು ಕೇಳಿ.

ಒಂದು ಕಾಲು ಚಿಕ್ಕದಾಗಿದ್ದರೆ, ಸಣ್ಣ ವ್ಯತ್ಯಾಸಕ್ಕೆ ಚಪ್ಪಲಿಯ ಅಟ್ಟೆ ಎತ್ತರಿಸಿದರೆ ಸಾಕಾಗುತ್ತದೆ. ವ್ಯತ್ಯಾಸ 2 ಸೆಂ.ಮೀ. ದಾಟುವಂತಿದ್ದರೆ ಇನ್ನೊಂದು ಕಾಲಿನ ಬೆಳವಣಿಗೆ ಫಲಕವನ್ನು ತಕ್ಕ ಸಮಯದಲ್ಲಿ ತಡೆಯುವ ಶಸ್ತ್ರಚಿಕಿತ್ಸೆಯಂಥ ದಾರಿಗಳಿವೆ. ಅದಕ್ಕೆ ಮಗು ಇನ್ನೂ ಬೆಳೆಯುತ್ತಿರುವಾಗಲೇ ಮೂಳೆ ತಜ್ಞರ ಬಳಿ ಹೋಗಿರಬೇಕು.

ಎರಡು ಎಚ್ಚರಿಕೆಗಳು. ಹೆಚ್ಚು ವಿಕಿರಣ ಬಿದ್ದ ಮೂಳೆ ಸಣ್ಣ ಏಟಿಗೂ ಮುರಿಯಬಹುದು ಮತ್ತು ನಿಧಾನವಾಗಿ ಕೂಡುತ್ತದೆ. ಅದನ್ನು ನಾಟಿ ಕಟ್ಟು ಹಾಕುವವರ ಬಳಿ ಒಯ್ದು ಎಳೆಸಿ ಕಟ್ಟಿಸಬೇಡಿ. ಇನ್ನು, ವಿಲ್ಮ್ಸ್ ಗೆಡ್ಡೆಗಾಗಿ ಒಂದು ಮೂತ್ರಪಿಂಡ ತೆಗೆದಿರುವ ಮಗುವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ಕೊಡಬೇಡಿ. ಉಳಿದಿರುವ ಒಂದೇ ಮೂತ್ರಪಿಂಡಕ್ಕೆ ಅದು ಹೊರೆ.

ಹಂತ 6: ಬಿಗಿತ ಕೂರುವ ಮೊದಲೇ ವ್ಯಾಯಾಮ ಆರಂಭಿಸಿ

ಕೀಲಿನ ಮೇಲೆ ಕಿರಣ ಹಾದಿದ್ದರೆ ಸುತ್ತಲಿನ ಅಂಗಾಂಶ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ ಗಡುಸಾಗಿ ಕೈ ಪೂರ್ತಿ ಎತ್ತಲು, ಕಾಲು ಪೂರ್ತಿ ಚಾಚಲು ಆಗದಂತಾಗುತ್ತದೆ. ಒಮ್ಮೆ ಕೂತ ಬಿಗಿತವನ್ನು ಬಿಡಿಸುವುದು ಕಷ್ಟ, ಕೂರದಂತೆ ತಡೆಯುವುದು ಸುಲಭ. ಫಿಸಿಯೋಥೆರಪಿಸ್ಟ್ ಕಲಿಸಿದ ಎಳೆತದ ವ್ಯಾಯಾಮವನ್ನು ದಿನವೂ ಹಲ್ಲುಜ್ಜುವಷ್ಟೇ ನಿಯಮಿತವಾಗಿ ಮಾಡಿಸಿ. ಎಣ್ಣೆ ಹಚ್ಚುವುದಕ್ಕೆ ಅಡ್ಡಿಯಿಲ್ಲ. ಆದರೆ ಬಲವಾಗಿ ತಿಕ್ಕುವುದು, ಎಳೆದು ಲಟಿಕೆ ಮುರಿಯುವುದು ಬೇಡ. ಮರಗಟ್ಟಿದ ಜಾಗದ ಮೇಲೆ ಬಿಸಿನೀರಿನ ಚೀಲವನ್ನೂ ಇಡಬೇಡಿ; ಆ ಚರ್ಮಕ್ಕೆ ಬಿಸಿ ತಿಳಿಯದೆ ಸುಡಬಹುದು.

ಮುಖ ಮತ್ತು ದವಡೆಗೆ ವಿಕಿರಣ ಪಡೆದವರಲ್ಲಿ ಬಾಯಿ ತೆರೆಯುವುದು ಕಡಿಮೆಯಾಗಬಹುದು. ಮಗು ತನ್ನದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಬಲ್ಲದೇ ಎಂದು ತಿಂಗಳಿಗೊಮ್ಮೆ ನೋಡಿ. ಈ ಮಕ್ಕಳಲ್ಲಿ ಹಲ್ಲಿನ ಬೇರು ಗಿಡ್ಡವಾಗಿರುವುದು, ಕೆಲವು ಹಲ್ಲು ಹುಟ್ಟದಿರುವುದು ಉಂಟು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ವಿಕಿರಣದ ಪತ್ರ ತೋರಿಸಲೇಬೇಕು. ಹೆಚ್ಚು ಕಿರಣ ಬಿದ್ದ ದವಡೆಯ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯವಿದೆ.

ಹಂತ 7: ಮೂಳೆಯ ಬಲ ಕಾಯ್ದುಕೊಳ್ಳಿ

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹತ್ತರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 850 ಮಿಲಿಗ್ರಾಂ ಬೇಕು. ಮಧ್ಯಾಹ್ನ ಒಂದು ಮುದ್ದೆ, ಎರಡು ಲೋಟ ಹಾಲು, ಜೊತೆಗೆ ಸೊಪ್ಪಿನ ಸಾರು ಇದ್ದರೆ ಹೆಚ್ಚೂ ಕಡಿಮೆ ಅಲ್ಲಿಗೆ ತಲುಪುತ್ತದೆ. ಮನೆಯ ದೊಡ್ಡವರು ಮುದ್ದೆ ಉಂಡು ಮಕ್ಕಳಿಗೆ ಮಾತ್ರ ಬಿಳಿ ಅನ್ನವನ್ನೋ ಬಿಸ್ಕತ್ತನ್ನೋ ಕೊಡುವುದು ಈಗಿನ ರೂಢಿ, ಅದು ತಲೆಕೆಳಗಾಗಬೇಕು.

ವಿಟಮಿನ್ ಡಿ ಕುರಿತು ಎಚ್ಚರಿಕೆ ಅಗತ್ಯ. ಔಷಧಿ ಅಂಗಡಿಯಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿ ಪೊಟ್ಟಣ ವಾರಕ್ಕೊಮ್ಮೆ, ನಿಗದಿಯಾದ ಕೆಲವು ವಾರಗಳಿಗೆ ಮಾತ್ರ ವೈದ್ಯರು ಬರೆಯುವಂಥದ್ದು. ಅದನ್ನು ದಿನವೂ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಆಗುತ್ತದೆ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನು, ತಲೆಗೆ ಅಥವಾ ಇಡೀ ದೇಹಕ್ಕೆ ವಿಕಿರಣವೋ ಹೆಚ್ಚು ಸ್ಟೀರಾಯ್ಡೋ ಆಗಿದ್ದರೆ, ಚಿಕಿತ್ಸೆ ಮುಗಿದ ಎರಡು ವರ್ಷದ ಸುಮಾರಿಗೆ ಒಮ್ಮೆ ಮಾಡಿಸುವ ಪದ್ಧತಿಯಿದೆ. ವರದಿಯಲ್ಲಿ ಟಿ ಸ್ಕೋರ್, ಜ಼ೆಡ್ ಸ್ಕೋರ್ ಎಂಬ ಎರಡು ಅಂಕೆಗಳಿರಬಹುದು. ಟಿ ಸ್ಕೋರ್ ವಯಸ್ಕರಿಗೆ. ಮಗುವಿಗೆ ನೋಡಬೇಕಾದದ್ದು ಅದೇ ವಯಸ್ಸಿನ ಮಕ್ಕಳೊಂದಿಗೆ ಹೋಲಿಸುವ ಜ಼ೆಡ್ ಸ್ಕೋರನ್ನು. ಟಿ ಸ್ಕೋರ್ ನೋಡಿದರೆ ಆರೋಗ್ಯವಂತ ಮಗುವಿನ ಮೂಳೆಯೂ ಟೊಳ್ಳೆಂದು ತೋರೀತು. ಮಗು ಕುಳ್ಳಾಗಿದ್ದರೆ ಎತ್ತರಕ್ಕೆ ಹೊಂದಿಸಿ ಲೆಕ್ಕ ಹಾಕಿದ್ದಾರೆಯೇ ಎಂದೂ ಕೇಳಿ.

ಹಂತ 8: ಗಂಟು ಕಂಡರೆ

ಚಿಕ್ಕ ವಯಸ್ಸಿನಲ್ಲಿ ವಿಕಿರಣ ಪಡೆದವರಲ್ಲಿ, ಮುಖ್ಯವಾಗಿ ಇಡೀ ದೇಹಕ್ಕೆ ಪಡೆದವರಲ್ಲಿ, ಮಂಡಿ, ಭುಜಗಳ ಬಳಿ ಗಟ್ಟಿಯಾದ, ನೋವಿಲ್ಲದ ಮೂಳೆಯ ಗಂಟು ಬೆಳೆಯಬಹುದು. ಆಸ್ಟಿಯೋಕಾಂಡ್ರೋಮಾ ಎಂಬ ಈ ಗಂಟು ಕ್ಯಾನ್ಸರ್ ಅಲ್ಲ. ನರ, ರಕ್ತನಾಳಗಳಿಗೆ ಒತ್ತದಿದ್ದರೆ ಹಾಗೆಯೇ ಬಿಟ್ಟು ಗಮನಿಸುತ್ತಾರೆ. ಆದರೆ ಹೆಚ್ಚು ವಿಕಿರಣ ಬಿದ್ದ ಜಾಗದಲ್ಲಿ ಹಲವು ವರ್ಷಗಳ ಬಳಿಕ ಹೊಸದೊಂದು ಕ್ಯಾನ್ಸರ್ ಹುಟ್ಟುವ ಅಪರೂಪದ ಸಾಧ್ಯತೆಯೂ ಇದೆ. ರಾತ್ರಿ ನಿದ್ದೆಗೆಡಿಸುವ ನೋವು, ವಾರದಿಂದ ವಾರಕ್ಕೆ ದೊಡ್ಡದಾಗುವ ಊತ, ಬೆಳವಣಿಗೆ ನಿಂತ ಮೇಲೂ ಹಿಗ್ಗುವ ಗಂಟು ಕಂಡರೆ ನೇರವಾಗಿ ಕ್ಯಾನ್ಸರ್ ತಜ್ಞರಿಗೆ ತೋರಿಸಿ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು. ಅಂದೇ ಆಸ್ಪತ್ರೆಗೆ ಹೋಗಬೇಕು.

ಹಂತ 9: ಎಲ್ಲಿ, ಯಾರನ್ನು ಕಾಣಬೇಕು

ಪ್ರತಿಯೊಂದಕ್ಕೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬೆನ್ನಿನ ಪರೀಕ್ಷೆ, ಎಕ್ಸ್‌ರೇ, ಥೈರಾಯ್ಡ್ ರಕ್ತಪರೀಕ್ಷೆ, ಫಿಸಿಯೋಥೆರಪಿಗಳನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಜೆಎಸ್‌ಎಸ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮಾತು ಅಥವಾ ನುಂಗುವಿಕೆಗೆ ತೊಂದರೆಯಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ಸಂದೇಹ ಬಂದಾಗ ಈ ವರದಿಗಳೊಂದಿಗೆ ಮೂಲ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಸಾಕು. ಶಾಲೆ ಮತ್ತು ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ವಿಕಿರಣದ ವಿಷಯ ತಿಳಿಸಿ. ಹೇಳದಿದ್ದರೆ ಅವರು ಎತ್ತರ ತೂಕ ಬರೆದುಕೊಂಡು ಹೋಗುತ್ತಾರೆ, ಬೆನ್ನು ನೋಡುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ನೇರವಾಗಿ ದಾಖಲಾಗಿ ಆಮೇಲೆ ಪತ್ರ ತರಲು ಓಡಾಡುವುದು ವ್ಯರ್ಥ. ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ ಮೊದಲೇ ಖಚಿತಪಡಿಸಿಕೊಳ್ಳಿ.

ಆಟದ ವಿಷಯದಲ್ಲಿ ಶಾಲೆಗೆ ಕೊಡುವ ಪತ್ರದಲ್ಲಿ ‘ಆಟ ಬೇಡ’ ಎಂದು ಬರೆಸಬೇಡಿ. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತದೆ, ಕೂತಷ್ಟೂ ಸವೆಯುತ್ತದೆ. ಯಾವ ಆಟ ಆಗದು ಎಂದು ವೈದ್ಯರಿಂದ ಹೆಸರಿಸಿಯೇ ಬರೆಸಿ: ಹೆಚ್ಚು ವಿಕಿರಣ ಬಿದ್ದ ಕಾಲಿಗೆ ಕಬಡ್ಡಿಯಂಥ ಸೆಣಸಾಟ ಬೇಡವಾಗಬಹುದು, ನಡಿಗೆ, ಈಜು, ಸೈಕಲ್ ಬೇಕಾಗಬಹುದು. ಕೈಕಾಲಿನ ಊನ ಉಳಿದಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಊನ ಪ್ರಮಾಣಿತವಾಗಿರಬೇಕು. ಬೆಳೆಯುವ ಮಗುವಿನಲ್ಲಿ ಊನದ ಪ್ರಮಾಣ ಬದಲಾಗುವುದರಿಂದ ಪ್ರಮಾಣಪತ್ರವನ್ನು ನಿಗದಿತ ಅವಧಿಗೆ ಮಾತ್ರ ಕೊಡುವುದುಂಟು. ಅವಧಿ ಮುಗಿಯುವ ದಿನಾಂಕವನ್ನು ವಿಕಿರಣದ ಕಡತದ ಮೇಲೆಯೇ ಬರೆದಿಟ್ಟು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ವರ್ಷಕ್ಕೆ ಮೊದಲೇ ನವೀಕರಿಸಿಕೊಳ್ಳಿ.